ಗಂಡನ ಸಹಿ ಕಡ್ಡಾಯ

೧೯೭೮ರಲ್ಲಿ ನಾನು ಓದು ನಿಲ್ಲಿಸಿದೆ. ಆಗ ಎಂಟನೇ ಕ್ಲಾಸು. ಫೇಲಾಗಿ ಬಿಟ್ಟಿದ್ದಲ್ಲ. ತ್ಯಾಗರಾಜನಗರದಲ್ಲಿ ನಮ್ಮಪ್ಪನ ಇಸ್ತ್ರಿ ಗಾಡಿ ಇತ್ತು, ಅಪ್ಪನಿಗೆ ಕಾಮಾಲೆ ಬಂತು, ಗಾಡಿಗೆ ಒಬ್ಬರು ಬೇಕಾಗಿತ್ತು. ನಾಲ್ಕು ವರ್ಷದ ಮೇಲೆ ಸೈನ್ಯಕ್ಕೆ ಸೇರಿದೆ. ಅಲ್ಲೂ ಇಸ್ತ್ರಿ ಕೆಲಸಕ್ಕೇ ತೆಗೆದುಕೊಂಡರು. ಸೈನ್ಯದ ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆಯ ಸ್ಟೋರಿನಿಂದ ಪಕ್ಕದ ಔಷಧಿ ಸ್ಟೋರಿಗೆ ಬರಲು ನನಗೆ ಒಂಬತ್ತು ವರ್ಷ ಹಿಡಿಯಿತು. ಹದಿನೇಳು ವರ್ಷದ ಸೇವೆ ಮುಗಿಸಿ ಬೆಂಗಳೂರಿಗೆ ಬಂದು, ಕೆಲವು ಕಾಲ ಜಯನಗರದ ಒಂದು ಮೆಡಿಕಲ್ ಶಾಪಿನಲ್ಲಿ ನಿಂತು, ಕೊನೆಗೆ ಬನಶಂಕರಿ ಕಡೆ ಮಾಜಿ ಸೈನಿಕರಿಗೆಂದು ಇದ್ದ ಕ್ಲಿನಿಕ್ಕಿಗೆ ಸೇರಿದೆ. ಬೆಳಿಗ್ಗೆ ಟೋಕನ್ ಕೊಡುವವನೂ ನಾನೇ, ಡಾಕ್ಟರು ಬರೆದ ಮೇಲೆ ಔಷಧಿ ಕೊಡುವವನೂ ನಾನೇ. ಹತ್ತೊಂಬತ್ತು ವರ್ಷ ನನ್ನನ್ನು ದಾಟದೆ ಒಬ್ಬರೂ ಡಾಕ್ಟರ ಹತ್ತಿರ ಹೋಗಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದೆ. ಈಗಲೂ ಹೇಳುತ್ತೇನೆ, ಆದರೆ ಪೂರ್ತಿ ಕಥೆ ಸೇರಿಸಿ.

ಈಗ ಆ ಕೌಂಟರಿಗೆ ಹೊಸಬರು ಬಂದಿದ್ದಾರೆ. ಡಿ ಫಾರ್ಮಾ ಮಾಡಿದವರು, ಕಂಪ್ಯೂಟರ್ ಬಲ್ಲವರು. ಬಿ.ಪಿ. ಮಾತ್ರೆ, ಸಕ್ಕರೆ ಮಾತ್ರೆ ಹೇಗೆ ಕೊಡಬೇಕೆಂದು ಅವರಿಗೆ ನಾನು ಹೇಳಬೇಕಾಗಿಲ್ಲ. ಮಕ್ಕಳಾಗದಂತೆ ತಡೆಯುವ ಸಾಮಾನು ಹೇಗೆ ಕೊಡಬೇಕು ಎನ್ನುವುದನ್ನು ಮಾತ್ರ ಯಾವ ಕಾಲೇಜಿನಲ್ಲೂ ಹೇಳಿಕೊಟ್ಟ ಹಾಗೆ ಕಾಣುವುದಿಲ್ಲ. ಅದನ್ನೇ ಬರೆಯುತ್ತೇನೆ. ತಪ್ಪುಗಳೆಲ್ಲ ನನ್ನವೇ ಆದ್ದರಿಂದ ಯಾರ ಅನುಮತಿಯೂ ಬೇಕಾಗಿಲ್ಲ.

ಮೊದಲು ಒಂದು ಲೆಕ್ಕ ತಿಳಿದುಕೊಳ್ಳಿ. ಮಾಜಿ ಸೈನಿಕ ಎಂದರೆ ಬಿಳಿ ಮೀಸೆಯ ತಾತ ಎಂದು ಜನ ಅಂದುಕೊಂಡಿದ್ದಾರೆ. ಸಿಪಾಯಿ ಹದಿನೆಂಟು ಹತ್ತೊಂಬತ್ತಕ್ಕೆ ಸೇರುತ್ತಾನೆ, ಮೂವತ್ತೈದು ಮೂವತ್ತಾರಕ್ಕೆ ಹೊರಗೆ ಬರುತ್ತಾನೆ. ಹೆಂಡತಿಗೆ ಇಪ್ಪತ್ತೆಂಟೋ ಮೂವತ್ತೋ. ಅಲ್ಲಿಯತನಕ ಗಂಡ ಹೆಂಡತಿ ಒಟ್ಟಿಗಿದ್ದದ್ದು ವರ್ಷಕ್ಕೆ ಎರಡು ತಿಂಗಳ ರಜೆಯಲ್ಲಿ. ನಿಜವಾದ ಸಂಸಾರ ಶುರುವಾಗುವುದೇ ನಿವೃತ್ತಿಯಾದ ಮೇಲೆ.

ಹಾಗೆ ಬಂದ ಒಬ್ಬ ಹವಾಲ್ದಾರನನ್ನು ನಮ್ಮ ಡಾಕ್ಟರು ಕೇಳಿದರು, "ಇಷ್ಟು ವರ್ಷ ಏನು ವಿಧಾನ ಅನುಸರಿಸ್ತಿದ್ರಿ?"

"ಪೋಸ್ಟಿಂಗ್ ಸಾರ್."

"ಈಗ?"

"ಈಗ ಬಿಟಿಎಂ ಲೇಔಟಲ್ಲೇ ಇದೀನಿ ಸಾರ್."

ಡಾಕ್ಟರು ಅದನ್ನು ಹಾಗೇ ಬರೆದುಕೊಂಡರು. ಆ ಹವಾಲ್ದಾರನ ನಾಲ್ಕನೆಯ ಮಗು ಈಗ ಹೈಸ್ಕೂಲಿನಲ್ಲಿದೆ.

ಇನ್ನು ನನ್ನ ಮೊದಲನೇ ತಪ್ಪು. ಸೈನ್ಯದ ಸ್ಟೋರಿನಲ್ಲಿ ಒಂದು ಪದ್ಧತಿ. ಕೊಡುವವನು ಸಾಮಾನಿನ ಹೆಸರನ್ನೂ ಸಂಖ್ಯೆಯನ್ನೂ ಗಟ್ಟಿಯಾಗಿ ಕೂಗಬೇಕು. ತೆಗೆದುಕೊಳ್ಳುವವನು ಅಷ್ಟೇ ಗಟ್ಟಿಯಾಗಿ ತಿರುಗಿ ಹೇಳಬೇಕು. ಕಂಬಳಿ ಎರಡು ಅಂದರೆ ಕಂಬಳಿ ಎರಡು. ಇದರಿಂದ ಒಂದು ಕಂಬಳಿಯೂ ತಪ್ಪಿದ್ದಿಲ್ಲ. ನಾನು ಕ್ಲಿನಿಕ್ಕಿಗೂ ಅದನ್ನೇ ತಂದೆ. ಪಂಜಾಬಿನವರಾದ ನಮ್ಮ ಇನ್‌ಚಾರ್ಜ್ ಕರ್ನಲ್ ಸಾಹೇಬರು ಇದನ್ನು ಬಹಳ ಮೆಚ್ಚಿದ್ದರು.

ಕೌಂಟರಿನ ಎದುರಿಗೆ ಒಂದು ಉದ್ದ ಬೆಂಚು. ಅದರ ಮೇಲೆ ಬೆಳಿಗ್ಗೆ ಎಂಟರಿಂದ ಹಿರಿಯರು ಕೂತಿರುತ್ತಿದ್ದರು. ಔಷಧಿ ಸಿಕ್ಕ ಮೇಲೂ ಏಳುತ್ತಿರಲಿಲ್ಲ. ಅವರಲ್ಲಿ ಮುಖ್ಯರು ಸುಬೇದಾರ್ ನಂಜಪ್ಪನವರು. ಎಂಬತ್ತು ದಾಟಿದ್ದರು, ಪೇಪರನ್ನು ಜಾಹೀರಾತು ಬಿಡದೆ ಓದುತ್ತಿದ್ದರು. ಬರುವ ಹಳಬರಲ್ಲಿ ಅರ್ಧ ಜನ ಒಂದಲ್ಲ ಒಂದು ಕಾಲದಲ್ಲಿ ಅವರ ಕೈಕೆಳಗಿದ್ದವರೇ. ಹಾಗಾಗಿ ಎಲ್ಲರೂ ಮೊದಲು ಬೆಂಚಿಗೆ "ರಾಮ್ ರಾಮ್ ಸಾಬ್" ಹೇಳಿ ಆಮೇಲೆ ಕೌಂಟರಿಗೆ ಬರಬೇಕು.

ಒಂದು ದಿನ ಹಾಗೆ ಹೇಳಿ ಬಂದ ಒಬ್ಬ ನಾಯಕನ, ಎಂದರೆ ಹವಾಲ್ದಾರನಿಗಿಂತ ಒಂದು ದರ್ಜೆ ಕೆಳಗಿನವನ, ಚೀಟಿ ನೋಡಿ ನಾನು ಕೂಗಿದೆ.

"ಟೋಕನ್ ಇಪ್ಪತ್ತೇಳು. ನಿರೋಧ್. ಪ್ಯಾಕೆಟ್ ಮೂರು."

ಅವನು ಪ್ಯಾಕೆಟ್ಟಿಗೆ ಕೈ ಚಾಚಿದ.

"ತಿರುಗಿ ಹೇಳ್ಬೇಕು," ಎಂದೆ.

ಹಿಂದಿನಿಂದ ಸುಬೇದಾರರು ಪೇಪರ್ ಇಳಿಸಿ ಹೇಳಿದರು, "ಹೇಳಯ್ಯ. ಕೌಂಟಿಂಗ್ ಕರೆಕ್ಟಾಗಿರ್ಬೇಕು."

ಅವನು ಹೇಳಿದ. ಪ್ಯಾಕೆಟ್ ತೆಗೆದುಕೊಂಡು ಹೋದವನು ಮತ್ತೆ ಆ ಸಾಮಾನಿಗೆ ಬರಲಿಲ್ಲ. ವರ್ಷದೊಳಗೆ ಮೈಸೂರುಪಾಕಿನ ಡಬ್ಬ ಹಿಡಿದು ಬಂದ. ಗಂಡು ಮಗು, ಮೂರು ಕೆಜಿ. ನಾನು ಆಗಲೂ ನನ್ನ ಪದ್ಧತಿಯ ಮೇಲೆ ಅನುಮಾನ ಪಡಲಿಲ್ಲ. ಪ್ಯಾಕೆಟ್ ಮೂರೇ ಕೊಟ್ಟಿದ್ದೆ.

ಅನುಮಾನ ಬಂದದ್ದು ಕರ್ನಲ್ ಸಾಹೇಬರಿಗೆ. ನೀರಿನ ಫಿಲ್ಟರ್ ಪಕ್ಕ ಮರದ ಪೆಟ್ಟಿಗೆ ಇಡಿಸಿದರು. ಬೇಕಾದವರು ಯಾರನ್ನೂ ಕೇಳದೆ ತೆಗೆದುಕೊಂಡು ಹೋಗಲಿ ಎಂದರು. ಒಳ್ಳೆಯ ಯೋಚನೆ. ಎರಡು ವಾರ ಒಂದು ಪ್ಯಾಕೆಟ್ಟೂ ಕದಲಲಿಲ್ಲ. ಯಾಕೆಂದು ನಮಗೆ ಹೊಳೆಯಲಿಲ್ಲ. ಪೆಟ್ಟಿಗೆಯ ಪಕ್ಕ ನಾನೊಂದು ರಿಜಿಸ್ಟರ್ ಇಟ್ಟಿದ್ದೆ. ಹೆಸರು, ಸೈನ್ಯದ ನಂಬರು, ತೆಗೆದುಕೊಂಡ ಸಂಖ್ಯೆ, ಸಹಿ. ಪೆನ್ನು ಕಳೆಯದಿರಲೆಂದು ದಾರ ಕಟ್ಟಿದ್ದೆ.

ಮೂರನೇ ವಾರ ಪೆಟ್ಟಿಗೆ ಖಾಲಿಯಾಯಿತು. ರಿಜಿಸ್ಟರ್ ತೆರೆದರೆ ಒಂದೇ ಹೆಸರು, ಏಳು ಥರದ ಅಕ್ಷರದಲ್ಲಿ. ಸುಬೇದಾರ್ ನಂಜಪ್ಪ. ನಾನು ಅದನ್ನು ಅವರ ಮುಂದೆ ಹಿಡಿದೆ. ಕನ್ನಡಕ ಹಾಕಿಕೊಂಡು ಏಳು ಸಾಲನ್ನೂ ಓದಿದರು.

"ಇದು ನನ್ನ ಸಹಿ ಅಲ್ಲ ರಂಗಣ್ಣ," ಎಂದರು. ಕನ್ನಡಕ ತೆಗೆದು, "ಆದ್ರೆ ಇರ್ಲಿ ಬಿಡು. ಹೊಡೆದು ಹಾಕ್ಬೇಡ."

ಕರ್ನಲ್ ಸಾಹೇಬರು ಆ ರಿಜಿಸ್ಟರ್ ತೆಗೆಸಿದರು. ನನ್ನ ಹತ್ತಿರ ಬೇರೆ ರಿಜಿಸ್ಟರುಗಳಿದ್ದವು. ಅದರಲ್ಲೊಂದು 'ವಾಪಸ್ ಕಳಿಸಿದವರು'. ಯಾರನ್ನಾದರೂ ಟೋಕನ್ ಕೊಡದೆ ಕಳಿಸಿದರೆ ಹೆಸರು, ವಿಳಾಸ, ಕಾರಣ ಬರೆಯುತ್ತಿದ್ದೆ. ಕಾರ್ಡ್ ತಂದಿಲ್ಲ, ಫೋಟೋ ಹೊಂದುವುದಿಲ್ಲ, ಈ ಥರ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ವರ್ಷ, ಕರ್ನಲ್ ಸಾಹೇಬರು ರಜೆಯಲ್ಲಿದ್ದಾಗ, ಜೆ.ಪಿ. ನಗರದಿಂದ ಒಬ್ಬ ಮಾಜಿ ಹವಾಲ್ದಾರ ಬಂದು ಕೌಂಟರ್ ಕುಟ್ಟಿದ. "ನನ್ನನ್ನ ಕೇಳ್ದೆ ನನ್ನ ಹೆಂಡ್ತಿಗೆ ಆ ಮಾತ್ರೆ ಹೆಂಗ್ರೀ ಕೊಟ್ರಿ? ಯಾರು ನೀವು?" ಬೆಂಚು ಪೂರ್ತಿ ನನ್ನ ಕಡೆ ನೋಡಿತು. ಆ ಮಧ್ಯಾಹ್ನ ಒಂದು ತಗಡು ತಂದು ನೀಲಿ ಬಣ್ಣ ಬಳಿದು, ಅದರ ಮೇಲೆ ಬಿಳಿಯಲ್ಲಿ ಬರೆದೆ. 'ಕುಟುಂಬ ಯೋಜನೆ ಸೇವೆಗೆ ಗಂಡನ ಸಹಿ ಕಡ್ಡಾಯ.' ಎಂಟನೇ ಕ್ಲಾಸಿನವರೆಗೆ ನನ್ನ ಅಕ್ಷರಕ್ಕೆ ಶಾಲೆಯಲ್ಲಿ ಹೆಸರಿತ್ತು.

ಕರ್ನಲ್ ಸಾಹೇಬರು ರಜೆಯಿಂದ ಬಂದು ಬೋರ್ಡಿನ ಮುಂದೆ ನಿಂತರು. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಸಾಲು ನೇರವಾಗಿದೆ ಎಂದು ತಲೆದೂಗಿದರು. ನಾನು ಅದನ್ನು ಮಂಜೂರಾತಿ ಎಂದು ತೆಗೆದುಕೊಂಡೆ. ಮುಂದಿನ ವರ್ಷ ಅವರು ಹೊರಟುಹೋದರು. ಬೋರ್ಡು ಉಳಿಯಿತು. ಎರಡು ಮೂರು ವರ್ಷ ಒಂದು ಬೋರ್ಡು ಗೋಡೆಯ ಮೇಲಿದ್ದರೆ ಅದನ್ನು ಬರೆದವನಿಗೂ ಅದು ಸರ್ಕಾರದ ಆಜ್ಞೆಯ ಹಾಗೇ ಕಾಣುತ್ತದೆ. ನನಗೆ ಹಾಗೇ ಆಯಿತು. ಇದು ಸುಳ್ಳಲ್ಲ.

ರೇಣುಕಾ ಬಂದದ್ದು ಆ ಬೋರ್ಡಿನ ಕಾಲದಲ್ಲಿ. ಬಾಗಲಕೋಟೆ ಕಡೆಯವರು, ವಯಸ್ಸು ಇಪ್ಪತ್ತೊಂಬತ್ತು. ಗಂಡ ಈರಪ್ಪ, ನಾಯಕನಾಗಿ ನಿವೃತ್ತಿಯಾಗಿ, ಬಿಟಿಎಂನಲ್ಲಿ ಒಂದು ಆಫೀಸಿನ ಸೆಕ್ಯುರಿಟಿಯಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದ. ಇಬ್ಬರು ಹೆಣ್ಣುಮಕ್ಕಳು. ಮೆಟ್ಟಿಲು ಹತ್ತಿ ಬಂದು ಕೌಂಟರ್ ಹಿಡಿದುಕೊಂಡು ಉಸಿರು ತೆಗೆದುಕೊಂಡರು. ಮೆಟ್ಟಿಲು ಇದ್ದದ್ದು ಆರು.

"ಅಣ್ಣಾರ, ಮಕ್ಕಳಾಗದಂಗ ಗುಳಿಗಿ ಬೇಕಾಗಿತ್ರಿ. ಡಾಕ್ಟರಿಗಿ ತೋರಿಸ್ಬೇಕು."

ನಾನು ಬೋರ್ಡು ತೋರಿಸಿದೆ.

"ಅವ್ರು ರಾತ್ರಿ ಡ್ಯೂಟಿ ಮಾಡಿ ಹಗಲ ಮಲಗ್ತಾರ್ರೀ."

"ಎದ್ದ ಮೇಲೆ ಸಹಿ ಹಾಕಿಸ್ಕೊಂಡು ಬನ್ನಿ. ಇಲ್ಲಿ ನಮ್ಮ ಮುಂದೇನೇ ಹಾಕ್ಬೇಕು."

ನಮ್ಮ ಮುಂದೆಯೇ ಹಾಕಬೇಕೆಂಬ ಮಾತು ಬೋರ್ಡಿನಲ್ಲಿಯೂ ಇರಲಿಲ್ಲ. ಮೂರು ವಾರದ ಮೇಲೆ ಮತ್ತೆ ಬಂದರು, ಒಬ್ಬರೇ.

"ಅವ್ರು ಬರಾಂಗಿಲ್ಲ ಅಂತಾರ್ರೀ. ನನ್ನ ಎದಿದ್ದು ತ್ರಾಸ ಐತಿ. ಎರಡನೇದ್ದು ಹಡದಾಗ ದವಾಖಾನ್ಯಾಗ ಹೇಳ್ಯಾರ, ಇನ್ನೊಂದು ಹಡದ್ರ ಜೀವ ಉಳಿಯೂದಿಲ್ಲ ಅಂತ."

"ಹಾಗಾದ್ರೆ ಅವರು ಬರ್ಲೇಬೇಕಮ್ಮ," ಎಂದೆ. ರಿಜಿಸ್ಟರಿನಲ್ಲಿ ಬರೆದೆ. ಕಾರಣ: ಸಹಿ ಇಲ್ಲ. ಅದರ ಕೆಳಗೆ ಗೆರೆ ಎಳೆದೆ, ಎರಡನೇ ಸಲ ಎಂದು ಗೊತ್ತಾಗಲಿ ಅಂತ.

ಆ ತಿಂಗಳೇ ಹೊಸ ಡಾಕ್ಟರು ಬಂದರು. ಕ್ಯಾಪ್ಟನ್ ಸುಮತಿ. ಕೆಲವು ವರ್ಷ ಸೈನ್ಯದಲ್ಲಿ ಡಾಕ್ಟರಾಗಿದ್ದು ಬಿಟ್ಟು ಬಂದವರು, ಮೂವತ್ತೆರಡು ವಯಸ್ಸು, ಊರು ಇಲ್ಲೇ ವಿಲ್ಸನ್ ಗಾರ್ಡನ್. ಬಂದ ವಾರವೇ ಹಳೆಯ ಫೈಲುಗಳನ್ನೆಲ್ಲ ಓದಲು ಕೂತರು. ಮೂರನೇ ದಿನ ನನ್ನನ್ನು ಕರೆದರು. ಮೇಜಿನ ಮೇಲೆ ರೇಣುಕಾ ಅವರ ಫೈಲು.

"ಹಾರ್ಟ್ ವಾಲ್ವ್ ಹಾಳಾಗಿದೆ. ಮತ್ತೆ ಬಸುರಿ ಆಗ್ಬಾರ್ದು ಅಂತ ದೊಡ್ಡಾಸ್ಪತ್ರೆಯವರು ಕೆಂಪು ಇಂಕಲ್ಲಿ ಬರೆದಿದಾರೆ. ಇವರಿಗೆ ಇಲ್ಲಿಂದ ಏನೂ ಕೊಟ್ಟಿಲ್ವಲ್ಲ, ಯಾಕೆ?"

"ಸಹಿ ಇಲ್ಲ ಮೇಡಂ."

"ಯಾರ ಸಹಿ?"

"ಗಂಡನದು. ರೂಲ್ಸ್ ಇದೆ."

"ಯಾವ ರೂಲ್ಸ್? ತೋರ್ಸಿ."

"ಬೋರ್ಡ್ ಇದೆಯಲ್ಲ ಮೇಡಂ."

ಅವರು ಫೈಲು ಮುಚ್ಚಿದರು. "ನಾನೂ ಸೈನ್ಯ ಬಿಟ್ಟು ಬಂದವಳೇ ರಂಗಣ್ಣ. ಇದೇ ಕಾರ್ಡ್ ನನಗೂ ಇದೆ. ನಾಳೆ ನಾನೇ ಬಂದು ಕೇಳಿದ್ರೆ ಯಾರ ಸಹಿ ಕೇಳ್ತೀರಾ?"

"ನಿಮಗೆ ಮದುವೆ ಆಗಿದೆಯಾ ಮೇಡಂ?"

"ಇಲ್ಲ."

ನಾನು ಯೋಚಿಸಿದೆ. "ತಂದೆಯವರದು ನಡೀಬಹುದು."

ಅವರು ಬೈಯಲಿಲ್ಲ. ಆ ಆಜ್ಞೆಯ ಕಾಗದ ಹುಡುಕಿ ತರಲು ಹೇಳಿದರು, ಅಷ್ಟೇ. ನಾನು ಅಟ್ಟದಿಂದ ಫೈಲು ಇಳಿಸಿದೆ. ಎರಡು ದಿನ ಹುಡುಕಿದೆ. ಸುತ್ತೋಲೆಗಳೆಲ್ಲ ವರ್ಷವಾರು ಇದ್ದವು, ಜೋಡಿಸಿದವನು ನಾನೇ. ಆಂಬುಲೆನ್ಸಿನ ಟೈರು ಯಾವಾಗ ಬದಲಿಸಬೇಕು ಎನ್ನುವುದಕ್ಕೂ ಕಾಗದ ಇತ್ತು. ಗಂಡನ ಸಹಿಗೆ ಇರಲಿಲ್ಲ. ಎರಡನೇ ದಿನ ಮಧ್ಯಾಹ್ನ, ಧೂಳು ಒರೆಸಿಕೊಳ್ಳುತ್ತ ಬೋರ್ಡಿನ ಕಡೆ ನೋಡಿದಾಗ, 'ಕಡ್ಡಾಯ'ದ 'ಡ್ಡಾ' ನನ್ನದೇ ಕೈ ಎಂದು ಗುರುತು ಹತ್ತಿತು. ಜೆ.ಪಿ. ನಗರದ ಹವಾಲ್ದಾರ, ನೀಲಿ ಬಣ್ಣದ ಡಬ್ಬ, ಎಲ್ಲ ನೆನಪಾಯಿತು.

ಮೇಡಂ ಹತ್ತಿರ ಹೋಗಿ, "ಬೋರ್ಡ್ ಬರೆದವನು ನಾನೇ ಮೇಡಂ," ಎಂದೆ.

"ಯಾರು ಹೇಳಿದ್ರು ಬರೆಯೋಕೆ?"

"ಯಾರೂ ಇಲ್ಲ."

ಅವರು ಪೆನ್ನಿನ ಮುಚ್ಚಳ ಹಾಕಿದರು. "ಎಷ್ಟು ಜನರನ್ನ ವಾಪಸ್ ಕಳ್ಸಿದೀರಾ, ಗೊತ್ತಾ?"

ಗೊತ್ತಿತ್ತು. ರಿಜಿಸ್ಟರ್ ಇತ್ತು. ಕೂತು ಎಣಿಸಿದೆ. ಹನ್ನೊಂದು ಹೆಂಗಸರು. ಎರಡು ಸಲ ಬಂದವರು ಒಬ್ಬರೇ, ರೇಣುಕಾ. ಮೇಡಂ ಹೇಳಿದರು, "ಮೊದಲು ಇವರು. ಈಗಲೇ ಹೋಗಿ. ಅಂಗಡಿಯಿಂದ ಸಾಮಾನ್ಯ ಮಾತ್ರೆ ತಗೊಂಡು ನುಂಗ್ತಿದ್ರೆ ಅದೂ ಅಪಾಯ, ಆ ವಾಲ್ವಿಗೆ ಅದು ಆಗೋದಿಲ್ಲ. ರಕ್ತ ಗಟ್ಟಿಯಾಗತ್ತೆ." ನಾನು ಬೋರ್ಡು ಬಿಚ್ಚಿ, ಕೌಂಟರ್ ಕೆಳಗಿಟ್ಟು, ಬಿಟಿಎಂ ಬಸ್ಸು ಹಿಡಿದೆ. ಬೆಂಚಿನವರು ಎಲ್ಲಿಗೆ ಎಂದು ಕೇಳಿದರು. ಹತ್ತೊಂಬತ್ತು ವರ್ಷದಲ್ಲಿ ಡ್ಯೂಟಿ ಹೊತ್ತಿನಲ್ಲಿ ನಾನು ಹೊರಗೆ ಹೋದದ್ದು ಆವತ್ತೇ ಮೊದಲು.

ಮನೆಯಲ್ಲಿ ಈರಪ್ಪ ಮಲಗಿದ್ದ. ಪಕ್ಕದವರು ಹೇಳಿದರು, ರೇಣುಕಾ ಎರಡು ಬೀದಿ ಆಚೆ ಹುಡುಗಿಯರ ಪಿ.ಜಿ.ಯಲ್ಲಿ ಅಡುಗೆ ಮಾಡುತ್ತಾರೆ ಎಂದು. ಹೋದೆ. ನಲವತ್ತು ಜನರ ಚಪಾತಿ ಲಟ್ಟಿಸುತ್ತಿದ್ದರು. ನಾಲ್ಕು ಲಟ್ಟಿಸಿದರೆ ಒಂದು ಸಲ ಕೈ ಊರಿ ನಿಲ್ಲುತ್ತಿದ್ದರು.

ನನ್ನನ್ನು ನೋಡಿ, "ಅಣ್ಣಾರ, ಸಹಿ ಇನ್ನೂ ಆಗಿಲ್ರೀ," ಎಂದರು.

"ಸಹಿ ಬೇಕಾಗಿಲ್ಲ."

"ಬೋರ್ಡ್ ಐತಲ್ರೀ."

"ತೆಗ್ದಿದೀನಿ."

"ಯಾರ್ ಬರದಿದ್ರೋ ಏನೋ," ಎಂದು ಹಿಟ್ಟು ತೆಗೆದುಕೊಂಡರು.

"ನಾನೇ."

ಲಟ್ಟಣಿಗೆ ನಿಂತಿತು. ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದರು. ಬೈದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

"ಮಾತ್ರೆ ಏನಾದ್ರೂ ತಗೋತಿದೀರಾ?" ಎಂದು ಕೇಳಿದೆ. ಖಾರದ ಡಬ್ಬದ ಹಿಂದಿನಿಂದ ಒಂದು ಸ್ಟ್ರಿಪ್ ತೆಗೆದು ಕೊಟ್ಟರು. ಅಂಗಡಿಯದು. ಮೇಡಂ ಬೇಡವೆಂದ ಜಾತಿಯದೇ. ಆರು ಖಾಲಿಯಾಗಿತ್ತು. "ನಡುವ ಎರಡು ತಿಂಗಳು ಗುಳಿಗಿ ಇರಲಿಲ್ರೀ. ಈಗ ಮುಟ್ಟಿನ ತಾರೀಖಿಗೆ ನಾಕ್ ದಿನ ಮ್ಯಾಲಾಗೇತಿ," ಎಂದು ಗೋಡೆಯ ಕಡೆ ನೋಡಿ ಹೇಳಿದರು.

ಹೊರಡಿಸಿದೆ. ಪಿ.ಜಿ. ಮಾಲೀಕರಾದ ಆಂಟಿ ಬಾಗಿಲಲ್ಲಿ ಅಡ್ಡ ನಿಂತರು.

"ಅಂಕಲ್, ಸಂಜೆ ನಲವತ್ತು ಜನಕ್ಕೆ ಏನ್ ಹಾಕ್ಲಿ?"

"ಅನ್ನ ಹಾಕಿ," ಎಂದೆ.

ಕ್ಲಿನಿಕ್ಕಿನಲ್ಲಿ ಬಸಿರಿನ ಪರೀಕ್ಷೆಗೆ ಐದು ನಿಮಿಷ ಹಿಡಿಯುತ್ತದೆ. ಆ ಐದು ನಿಮಿಷ ನಾನು ಬಿ.ಪಿ. ಮಾತ್ರೆಗಳನ್ನು ಅವಧಿ ಮುಗಿಯುವ ದಿನಾಂಕದ ಪ್ರಕಾರ ಜೋಡಿಸಿದೆ. ಅವು ಮೊದಲೇ ಹಾಗಿದ್ದವು. ಮೇಡಂ ಬಾಗಿಲು ತೆರೆದು ತಲೆ ಅಲ್ಲಾಡಿಸಿದರು, ಇಲ್ಲ ಎಂದು. ಮರುದಿನ ಬೆಳಿಗ್ಗೆ ರಕ್ತದ ವರದಿಯೂ ಇಲ್ಲ ಎಂದೇ ಹೇಳಿತು. ಆಗ, ಅವರ ಎದೆಗೆ ತೊಂದರೆ ಕೊಡದ, ಮೂರು ತಿಂಗಳಿಗೊಮ್ಮೆ ತೆಗೆದುಕೊಳ್ಳುವ ಇಂಜೆಕ್ಷನ್ ಕೊಡುವುದೆಂದಾಯಿತು.

"ಸಹಿ?" ಎಂದರು ರೇಣುಕಾ.

"ನಿಮ್ಮದೇ ಹಾಕಿ," ಎಂದರು ಮೇಡಂ.

ನಾನು ಅಭ್ಯಾಸದ ಮೇಲೆ ಹೆಬ್ಬೆಟ್ಟಿನ ಇಂಕ್ ಪ್ಯಾಡ್ ಮುಂದಿಟ್ಟೆ. ಅವರು ಅದನ್ನು ಪಕ್ಕಕ್ಕೆ ಸರಿಸಿ ಪೆನ್ನು ತೆಗೆದುಕೊಂಡರು. "ಪಿಯುಸಿ ಆಗೇತ್ರೀ," ಎಂದರು. ನನ್ನದು ಎಂಟನೇ ಕ್ಲಾಸು ಎಂದು ಆವಾಗ ಹೇಳಬೇಕೆನಿಸಲಿಲ್ಲ.

ಉಳಿದ ಹತ್ತು ಜನರನ್ನು ಹುಡುಕಲು ನಾಲ್ಕು ತಿಂಗಳು ಭಾನುವಾರಗಳನ್ನು ಕೊಟ್ಟೆ. ಯಾರೂ ಹೇಳಿರಲಿಲ್ಲ. ಬೋರ್ಡು ಬರೆಯಲೂ ಯಾರೂ ಹೇಳಿರಲಿಲ್ಲ. ಬಾಡಿಗೆ ಮನೆಯವರ ವಿಳಾಸ ವರ್ಷಕ್ಕೊಂದು ಸಲ ಬದಲಾಗುತ್ತದೆ. ಕಾರ್ಡಿನಲ್ಲಿರುವ ಫೋನ್ ನಂಬರು ಗಂಡನದು. ಅವನಿಗೆ ಫೋನ್ ಮಾಡಿ ಯಾಕೆಂದು ಹೇಳುವ ಹಾಗಿಲ್ಲ. ಆರು ಜನ ಸಿಕ್ಕಿದರು. ಅವರಲ್ಲಿ ಇಬ್ಬರ ಕಂಕುಳಲ್ಲಿ ಮಗು ಇತ್ತು. ಒಬ್ಬರು ನನಗೆ ಕಾಫಿ ಕೊಟ್ಟರು, ಒಬ್ಬರು ಬಾಗಿಲು ಹಾಕಿಕೊಂಡರು. ಎರಡೂ ಸರಿಯೇ.

ಈರಪ್ಪ ಬಂದದ್ದು ಇಂಜೆಕ್ಷನ್ ಆಗಿ ಎರಡು ತಿಂಗಳಿಗೆ. ಬೆಂಚಿಗೆ ರಾಮ್ ರಾಮ್ ಹೇಳಿ, ಕೌಂಟರಿಗೆ ಬಂದು, ದನಿ ಇಳಿಸಿ ಕೇಳಿದ.

"ಗಂಡಸರಿಗೂ ಆಪರೇಷನ್ ಐತಂತಲ್ರೀ. ಆಕಿ ಎಷ್ಟ್ ವರ್ಷ ಸೂಜಿ ಚುಚ್ಚಿಸ್ಕೊಳ್ಳೂದು."

ನಾನು ಕೂಗಲಿಲ್ಲ. ಆ ಪದ್ಧತಿ ಬಿಟ್ಟಿದ್ದೆ. "ಇದೆ. ಹೊಲಿಗೆ ಇಲ್ಲ, ಅರ್ಧ ದಿನ," ಎಂದೆ. ಆಮೇಲೆ ಕೇಳಿದೆ, "ಆವಾಗ್ಲೇ ಸಹಿಗೆ ಯಾಕಪ್ಪ ಬರ್ಲಿಲ್ಲ?"

ಅವನು ಕಣ್ಣಲ್ಲೇ ಬೆಂಚು ತೋರಿಸಿದ. "ಸುಬೇದಾರ್ ಸಾಹೇಬ್ರ ಮುಂದ ನಿಂತು, ನೀವು ಒದರೂದು, ನಾ ತಿರುಗಿ ಒದರೂದು. ಯುದ್ಧಕ್ಕ ಕಳಸ್ರೀ, ಹೊಕ್ಕೀನಿ."

ಸುಬೇದಾರರಿಗೆ ಕಿವಿ ಮಂದ ಎಂದು ನಾವೆಲ್ಲ ತಿಳಿದಿದ್ದೆವು. ಅವರು ಪೇಪರ್ ಮಡಚಿದರು.

"ಈರಪ್ಪ, ಬಾ ಇಲ್ಲಿ. ನಾನು ಮೂವತ್ತೊಂದನೇ ವಯಸ್ಸಿಗೆ ಮಾಡಿಸ್ಕೊಂಡಿದ್ದು. ಆಮೇಲೆ ಮೂರು ವರ್ಷ ಬಟಾಲಿಯನ್ ಬಾಕ್ಸಿಂಗಲ್ಲಿ ನನ್ನನ್ನ ಕೆಡವಿದವನಿಲ್ಲ."

ಅವರ ಪಕ್ಕದಲ್ಲಿ ಹದಿನೈದು ವರ್ಷದಿಂದ ಕೂರುತ್ತಿದ್ದವರೊಬ್ಬರು, "ನಮಗೆ ಹೇಳೇ ಇಲ್ವಲ್ಲ ಸಾಬ್," ಎಂದರು.

"ನೀವು ಕೇಳ್ಲಿಲ್ಲ," ಎಂದು ಪೇಪರ್ ಬಿಡಿಸಿದರು.

ಈರಪ್ಪನಿಗೆ ಮುಂದಿನ ಗುರುವಾರ ಆಪರೇಷನ್ ಆಯಿತು. ಅದಾದ ಮೇಲೂ ಮೂರು ತಿಂಗಳು ಜಾಗ್ರತೆ ಇರಬೇಕು, ವೀರ್ಯ ಪರೀಕ್ಷೆ ಮಾಡಿಸಿ ವರದಿ ನೋಡಬೇಕು ಎಂದು ಮೇಡಂ ಹೇಳಿದ್ದನ್ನು ನಾನು ಚೀಟಿಯಲ್ಲಿ ಬರೆದುಕೊಟ್ಟೆ. ಹೊಸಬರು ಇದನ್ನು ಮರೆಯಬೇಡಿ, ಬಹಳ ಜನ ಮರೆಯುತ್ತಾರೆ. ವರದಿ ಬಂತು. ಸೊನ್ನೆ. ಅದನ್ನು ತೆಗೆದುಕೊಂಡು ಹೋಗಲು ಬಂದವರು ರೇಣುಕಾ. ಆರು ಮೆಟ್ಟಿಲಿಗೆ ಆಗಲೂ ಒಂದು ಸಲ ನಿಂತರು. ವಾಲ್ವ್ ಆಪರೇಷನ್ನಿಗೆ ದಿನ ಕೊಟ್ಟಿದ್ದಾರೆ ಎಂದರು. ಅದೂ ಆಯಿತು. ಈಗ ನಿಲ್ಲುವುದಿಲ್ಲ.

ಇಷ್ಟೇ ನಾನು ಹೇಳಬೇಕಾದದ್ದು. ಹೆಸರು ಕೂಗಬೇಡಿ. ಪೆಟ್ಟಿಗೆ ಪಕ್ಕ ಪೆನ್ನು ಇಡಬೇಡಿ. ಗೋಡೆಯ ಮೇಲೆ ಏನಾದರೂ ಬರೆಯುವ ಮೊದಲು ಕಾಗದ ಎಲ್ಲಿದೆ ಎಂದು ನೋಡಿ. ವಾಪಸ್ ಕಳಿಸಿದರೆ ಹೆಸರು ಬರೆದಿಟ್ಟುಕೊಳ್ಳಿ. ಅದೊಂದು ಮಾತ್ರ ನಾನು ಸರಿ ಮಾಡಿದೆ.

ಈಗ ನನ್ನ ಹತ್ತಿರ ಇರುವುದು: ಹೆಂಡತಿ ಒಬ್ಬಳು. ಮಕ್ಕಳು ಇಬ್ಬರು, ಮೊಮ್ಮಗಳು ಒಬ್ಬಳು. ತ್ಯಾಗರಾಜನಗರದಲ್ಲಿ ಒಂದು ಹಾಲ್, ಒಂದು ರೂಮು. ಅಪ್ಪನ ಇಸ್ತ್ರಿ ಪೆಟ್ಟಿಗೆ ಒಂದು, ಇದ್ದಿಲಿನದು. ಕನ್ನಡಕ ಎರಡು. ನೀಲಿ ತಗಡು ಒಂದು, ನೀರಿನ ಡ್ರಮ್ಮಿನ ಮೇಲೆ ಅಕ್ಷರ ಕೆಳಗೆ ಮಾಡಿ ಮುಚ್ಚಿದ್ದೇನೆ. ಸಿಗದ ಹೆಂಗಸರ ಹೆಸರು ನಾಲ್ಕು.